ದೀಪ ಹಚ್ಚುವ ಹೊತ್ತಿಗೆ ಗೋಡೆ ಹೇಳಿದ್ದು

ನಮ್ಮ ಊರಿನ ಜನ ‘ನೋಡೋಣ’ ಎನ್ನುವುದರಲ್ಲಿ ನಿಸ್ಸೀಮರು. ಮದುವೆಗೆ ಬರ್ತೀರಾ ಎಂದರೆ ನೋಡೋಣ, ಒಂದು ಲೋಟ ಸಕ್ಕರೆ ಸಿಗುತ್ತಾ ಎಂದರೆ ನೋಡೋಣ, ಸಕ್ಕರೆಯನ್ನು ಲೋಟಕ್ಕೆ ಸುರಿಯುತ್ತಿರುವಾಗಲೂ ನೋಡೋಣ. ಹೊರಗಿನಿಂದ ಬಂದವರು ನಮ್ಮನ್ನು ಜಾರಿಕೊಳ್ಳುವ ಜನ ಎಂದು ತಿಳಿಯುತ್ತಾರೆ. ಒಂದು ಸಂಜೆ ಇಲ್ಲಿ ಉಳಿದರೆ ಅವರ ಬಾಯಿಗೂ ಅದೇ ಬರುತ್ತದೆ. ನಾಲ್ಕು ಗೋಡೆಗಳ ಒಳಗೆ ಯಾರಾದರೂ ಮಾತು ಕೊಟ್ಟರೆ, ಅದು ನೆರವೇರುವ ತನಕ ದಿನಾ ದೀಪ ಹಚ್ಚುವ ಹೊತ್ತಿಗೆ ಗೋಡೆ ಅದನ್ನು ಕೊಟ್ಟವರ ದನಿಯಲ್ಲೇ ಹೇಳುತ್ತದೆ. ಹಾಗಾಗಿ ಗಂಡಂದಿರು ಬಂಗಾರದ ಬಳೆಯ ಮಾತನ್ನು ಕೆರೆ ಏರಿಯ ಮೇಲೆ ನಿಂತು ಆಡುತ್ತಾರೆ. ಚುನಾವಣೆಗೆ ನಿಂತವರು ಮತ ಕೇಳುವಾಗ ಹೊಸ್ತಿಲ ಆಚೆಗೇ ನಿಂತಿರುತ್ತಾರೆ. ನನ್ನ ಗಂಡನ ಅಜ್ಜ ‘ಬಾವಿ ಹೂಳು ತೆಗೆಸ್ತೀನಿ’ ಎಂದು ಒಂದು ದಿನ ಊಟದ ಖುಷಿಯಲ್ಲಿ ಅಂದುಬಿಟ್ಟಿದ್ದರಂತೆ. ಅವರು ತೀರಿಕೊಂಡು ಹನ್ನೊಂದು ವರ್ಷವಾದರೂ ಸಂಜೆಯಾದರೆ ಅವರ ಕೆಮ್ಮು ಸಮೇತ ಆ ಮಾತು ಬರುತ್ತಿತ್ತು. ಕೊನೆಗೆ ಮೊಮ್ಮಕ್ಕಳು ತಲೆ ಚಿಟ್ಟು ಹಿಡಿದು ಬಾವಿಗೆ ಇಳಿದರು.

ಇದಕ್ಕೆ ತಕ್ಕ ಹಾಗೆ ನಮ್ಮ ಮರ್ಯಾದೆಗಳೂ ಬೇರೆ. ದೀಪದ ಹೊತ್ತಿಗೆ ನೆಂಟರು ಎದ್ದು ಹೊರಡಬೇಕು. ಇನ್ನೊಬ್ಬರ ಮಾತು ಗೋಡೆಯಿಂದ ಕೇಳಿಬಂದರೆ ಕೇಳಿಸಿಯೇ ಇಲ್ಲ ಎನ್ನುವ ಹಾಗೆ ಇರಬೇಕು, ಅವರು ಒಂದೇ ಮನೆಯವರಾದರೂ ಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಮಾತನ್ನು ಯಾರೂ ಯಾರಿಗೂ ಬಾಯಿಬಿಟ್ಟು ನೆನಪಿಸಬಾರದು. ಅದು ಗೋಡೆಯ ಕೆಲಸ. ಮನುಷ್ಯರು ನೆನಪಿಸಿದರೆ ಮುಖಕ್ಕೆ ಹೊಡೆದಷ್ಟೇ ಅವಮಾನ. ಹೆಣ್ಣುಗಂಡು ನೋಡುವಾಗ ಮಾತ್ರ ಇದಕ್ಕೆ ವಿನಾಯಿತಿ: ಹೆಣ್ಣಿನ ಕಡೆಯವರು ಸಂಜೆಯ ತನಕ ಕೂತು ಗಂಡಿನ ಮನೆಯ ಗೋಡೆ ಕೇಳಿ ಬರುತ್ತಾರೆ. ಸುಮ್ಮನಿರುವ ಗೋಡೆ ಎಂದರೆ ಕೊಟ್ಟ ಮಾತು ಉಳಿಸಿಕೊಳ್ಳುವ ಜನ ಎಂದು ಲೆಕ್ಕ.

ಇಂಥ ಊರಿನಲ್ಲಿ ನನ್ನಂಥ ಪುಕ್ಕಲಿ ಹುಟ್ಟಲೇಬಾರದಿತ್ತು. ಹೆಸರು ಓಂಕಾರಮ್ಮ, ಕೇಳುವುದಕ್ಕೆ ಗಟ್ಟಿಯಾಗಿದೆ, ಅಷ್ಟೇ. ಗಂಡ ತಿಪ್ಪೇಸ್ವಾಮಿಯವರಿಗೆ ಸಂತೆ ರಸ್ತೆಯಲ್ಲಿ ಸೈಕಲ್ ಶಾಪು. ಒಬ್ಬಳೇ ಮಗಳು ನಳಿನಾಕ್ಷಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಮಾಡುತ್ತಾಳೆ. ನಾನು ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತೇನೆ. ನಲವತ್ತೈದು ದಾಟಿದ ಮೇಲೆ ನನಗೆ ಸಂಜೆ ಎಂದರೆ ಎದೆ ಹೊಡೆದುಕೊಳ್ಳುವುದು ಶುರುವಾಯಿತು. ಏನೋ ಅಂದಿದ್ದೇನೆ, ಈಗ ಗೋಡೆ ಹೇಳುತ್ತದೆ, ಎಲ್ಲರ ಮುಂದೆ ಮಾನ ಹೋಗುತ್ತದೆ ಎಂದು ನಾಲ್ಕು ಗಂಟೆಗೇ ಅಂಗೈ ಬೆವರುತ್ತಿತ್ತು. ಗೋಡೆ ಹೇಳುತ್ತಿದ್ದದ್ದು ‘ನಾಳೆ ಹಾಗಲಕಾಯಿ ಪಲ್ಯ ಮಾಡ್ತೀನಿ’ ಎನ್ನುವಂಥದ್ದು. ಅಷ್ಟಕ್ಕೇ ನಾನು ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ದಿನ ಕೈಕಾಲು ತಣ್ಣಗಾಗಿ ಕುಸಿದು ಕೂತೆ. ಇವರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

ಡಾಕ್ಟರಮ್ಮ ಹೊರಗಿನ ಊರಿನವರು, ನೋಡೋಣ ಗೀಡೋಣ ಇಲ್ಲ, ನೇರ ಮಾತು. ಒಂದು ಬಿಳಿ ಗುಳಿಗೆ ಬರೆದುಕೊಟ್ಟರು. ಮಧ್ಯಾಹ್ನ ಊಟವಾದ ಮೇಲೆ ಅರ್ಧ, ಮಲಗುವಾಗ ಅರ್ಧ. “ಎರಡೇ ವಾರ, ಅದಕ್ಕಿಂತ ಹೆಚ್ಚಿಗೆ ಬೇಡ,” ಎಂದರು. “ಇನ್ನೊಂದು ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ. ಇದನ್ನ ತಗೊಂಡ ಮೇಲೆ ಒಂದಷ್ಟು ಹೊತ್ತು ಹೊಸದಾಗಿ ಕೇಳಿದ್ದು, ಆಡಿದ್ದು ತಲೇಲಿ ನಿಲ್ಲದೇ ಹೋಗಬಹುದು. ಹಳೇದೆಲ್ಲ ನೆನಪಿರುತ್ತೆ, ಆವಾಗಿಂದು ಮಾತ್ರ ಅಳಿಸಿಹೋಗುತ್ತೆ. ನೋಡೋರಿಗೆ ನೀವು ಸರಿಯಾಗೇ ಇರ್ತೀರಿ. ಮುಖ್ಯವಾದ ಮಾತು ಏನಿದ್ರೂ ಆ ಹೊತ್ತಲ್ಲಿ ಆಡಬೇಡಿ.”

ನಾನೂ ಇವರೂ ಮುಖ ಮುಖ ನೋಡಿಕೊಂಡು ನಕ್ಕೆವು. ತಲೆಯಲ್ಲಿ ನಿಲ್ಲದಿದ್ದರೆ ಏನಂತೆ, ನಮಗೆ ಗೋಡೆ ಇದೆಯಲ್ಲ! ಆ ನಗು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಅದು ಮೊದಲ ಗುಳಿಗೆ ನುಂಗುವುದಕ್ಕಿಂತ ಮುಂಚಿನದು.

ಗುಳಿಗೆ ಎಂದರೆ ಗುಳಿಗೆ! ಮೂರೇ ದಿನಕ್ಕೆ ನಾನು ಬೇರೆ ಹೆಂಗಸಾದೆ. ಎದೆಬಡಿತ ನಿಂತಿತು, ನಿದ್ದೆ ಬಂತು, ಅಂಗೈ ಒಣಗಿತು. ದೀಪದ ಹೊತ್ತಿಗೆ ಒಳಗೆ ಕೂತು ಗೋಡೆಯ ಬಾಯಿ ನೋಡುವ ಹಣೆಬರಹ ನನಗೇಕೆ ಎನಿಸಿ, ಜಗಲಿಯ ಮೇಲೆ ಪಕ್ಕದ ಮನೆ ಹಾಲಮ್ಮನ ಜೊತೆ ಹರಟೆಗೆ ಕೂರತೊಡಗಿದೆ. ಒಳಗೆ ಇವರು ಅಂಗಡಿಯಿಂದ ಬಂದು ದೀಪ ಹಚ್ಚಿ, ಕಾಫಿ ಕುಡಿದು, ಮತ್ತೆ ಹೋಗುತ್ತಿದ್ದರು. ಒಳಗಿನಿಂದ ಗೋಡೆಯ ಗುನುಗು ಕೇಳಿದರೆ ನಾನು ದನಿ ಏರಿಸುತ್ತಿದ್ದೆ. ಎರಡು ವಾರ ಮುಗಿದ ಮೇಲೆ ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ. ಔಷಧಿ ಅಂಗಡಿಯ ಮೃತ್ಯುಂಜಯನಿಗೆ ಹಳೆಯ ಚೀಟಿ ತೋರಿಸಿದರೆ ಸಾಕಿತ್ತು. ಅರ್ಧ ಯಾವಾಗಲೋ ಒಂದಾಯಿತು. ಹೀಗೆ ಏಳು ತಿಂಗಳು ಕಳೆದವು. ಓಂಕಾರಕ್ಕ ಎಷ್ಟು ತಂಪಾಗಿದ್ದಾರೆ ಎಂದು ಬೀದಿಯವರು ಅನ್ನುತ್ತಿದ್ದರು, ನಾನು ಬೀಗುತ್ತಿದ್ದೆ.

ಈ ನಡುವೆ ನಳಿನಿಗೆ ಗಂಡು ಗೊತ್ತಾಯಿತು. ಹುಡುಗ ಲೋಕೇಶ್ವರ, ಮೇಲಿನ ಪೇಟೆಯ ಮರದ ವ್ಯಾಪಾರದವರ ಮನೆಯವನು. ಅವರ ಮನೆಗೆ ನಾವು ಮೂವರೂ ಹೋಗಿ ದೀಪದ ಹೊತ್ತಿನ ತನಕ ಕೂತಿದ್ದೆವು. ಬೆಳಿಗ್ಗೆಯ ಭೇಟಿ, ಮಧ್ಯಾಹ್ನದ ಊಟ, ಹುಡುಗ ಹುಡುಗಿ ಒಳಗಿನ ಕೋಣೆಯಲ್ಲಿ ಒಂದಿಷ್ಟು ಮಾತು, ಎಲ್ಲ ಕ್ರಮವಾಗಿ ನಡೆಯಿತು. ದೀಪ ಹಚ್ಚಿದರು. ನಾವು ಕಿವಿ ನಿಮಿರಿಸಿದೆವು. ಅಷ್ಟು ದೊಡ್ಡ ಮನೆ, ಒಂದು ಪಿಸುಮಾತೂ ಇಲ್ಲ! ಇವರ ಕಣ್ಣಲ್ಲಿ ನೀರೇ ಬಂತು. ಇಂಥ ಸತ್ಯವಂತರ ಮನೆ ಮಗಳಿಗೆ ಸಿಕ್ಕಿತಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ನಳಿನಿ ಮಾತಾಡಲಿಲ್ಲ. ನಾಚಿಕೆ ಎಂದುಕೊಂಡೆ. ಆಮೇಲೆ ಅವಳು ಸೊರಗಿದಳು. ಮದುವೆ ಗೊತ್ತಾದ ಹುಡುಗಿಯರು ಸೊರಗುತ್ತಾರೆ ಎಂದುಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಊಟಕ್ಕೆ ಮನೆಗೆ ಬರುತ್ತಿದ್ದವಳು ಅದನ್ನು ಬಿಟ್ಟು ಬುತ್ತಿ ಕಟ್ಟಿಸಿಕೊಂಡು ಹೋಗತೊಡಗಿದಳು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದುಕೊಂಡೆ. ಗುಳಿಗೆಯ ಸುಖ ಅದೇ, ಪ್ರತಿಯೊಂದಕ್ಕೂ ಒಂದು ಸಮಾಧಾನ ತಾನಾಗಿ ಒದಗುತ್ತದೆ.

ಮದುವೆಗೆ ಒಂಬತ್ತು ದಿನ ಇತ್ತು. ಹಾಲಮ್ಮ ಜಗಲಿಯ ಮೇಲೆ ಕೂತು ಲಗ್ನಪತ್ರಿಕೆಯನ್ನು ನಾಲ್ಕನೇ ಸಲ ಓದಿ, “ಆಯ್ತಕ್ಕ, ದೀಪದ ಹೊತ್ತಾಯ್ತು, ಬರ್ತೀನಿ. ಕುಂಕುಮ ಕೊಡಿ,” ಎಂದಳು. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ನಳಿನಿಯನ್ನು ಕೂಗಿದೆ, ಅವಳು ಓಗೊಡಲಿಲ್ಲ. ನಾನೇ ಎದ್ದು ಒಳಗೆ ಹೋದೆ. ಏಳು ತಿಂಗಳಲ್ಲಿ ಆ ಹೊತ್ತಿಗೆ ನಾನು ನನ್ನ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಇವರು ದೇವರ ಗೂಡಿನ ಮುಂದೆ ಕೂತು ಬತ್ತಿ ಸರಿ ಮಾಡುತ್ತಿದ್ದರು. ನಳಿನಿ ಅಡಿಗೆಮನೆಯ ಬಾಗಿಲಿಗೆ ಒರಗಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಕುಂಕುಮದ ಬಟ್ಟಲು ತೆಗೆದುಕೊಂಡು ತಿರುಗಿದೆ. ಗೋಡೆ ಶುರು ಮಾಡಿತು.

“ಹಾಲಮ್ಮ, ನಿನ್ನ ಇಡ್ಲಿ ಪಾತ್ರೆ ನಾಳೆ ವಾಪಸ್ ಕೊಡ್ತೀನಿ.” ನನ್ನದೇ ದನಿ. ನನಗೆ ನಗು ಬಂತು. ಯಾವ ಇಡ್ಲಿ ಪಾತ್ರೆ? “ರತ್ನಮ್ಮ, ಆ ಹಸಿರು ಸೀರೆಗೆ ಶುಕ್ರವಾರದೊಳಗೆ ಫಾಲ್ ಹಚ್ಚಿಡ್ತೀನಿ.” ಯಾವ ಹಸಿರು ಸೀರೆ, ಯಾವ ಶುಕ್ರವಾರ? “ನಿಮ್ಮ ಅಂಗೀಗೆ ಗುಂಡಿ ಹಾಕ್ತೀನಿ ಕಣ್ರೀ.” “ಅಕ್ಕಂಗೆ ಕಾಗದ ಬರೀತೀನಿ.” ಹತ್ತು, ಹದಿನೈದು, ನಿಲ್ಲುವುದೇ ಇಲ್ಲ. ಎಲ್ಲವೂ ನನ್ನ ದನಿ, ಎಲ್ಲವೂ ತಂಪಾಗಿ, ಅಕ್ಕರೆಯಿಂದ, ಒಂದೂ ನನಗೆ ಗೊತ್ತಿಲ್ಲ. ನನ್ನ ಹಾಗೇ ಮಾತಾಡುವ ಬೇರೊಬ್ಬ ಹೆಂಗಸು ನನ್ನ ಮನೆಯಲ್ಲಿ ಏಳು ತಿಂಗಳು ಸಂಸಾರ ಮಾಡಿ ಹೋದ ಹಾಗಿತ್ತು. ಆಗ ಅಡಿಗೆಮನೆಯ ಗೋಡೆಯಿಂದ ಅದೇ ದನಿ ಅಳುತ್ತ ಹೇಳಿತು:

“ಅಳಬೇಡ ನನ್ನವ್ವ. ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ, ನಾಳೇನೇ ಮಾತಾಡ್ತೀನಿ. ಈ ಮದುವೆ ನಡೆಯೋಕೆ ನಾನು ಬಿಡಲ್ಲ.”

ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗೋಡೆ ಮತ್ತೆ ಹೇಳಿತು. “ಅಳಬೇಡ ನನ್ನವ್ವ. ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ, ನಾಳೇನೇ ಮಾತಾಡ್ತೀನಿ.” ಮತ್ತೆ. ಮತ್ತೆ. ಒಂದಕ್ಷರ ಆಚೀಚೆ ಇಲ್ಲ, ಬಿಕ್ಕಳಿಕೆ ಕೂಡ ಅದೇ ಜಾಗದಲ್ಲಿ. ಐದು ಸಲ. ಕೈಯಿಂದ ಬಟ್ಟಲು ಜಾರಿ ನೆಲವೆಲ್ಲ ಕೆಂಪಾಯಿತು.

ನನಗೆ ಅದಕ್ಕಿಂತ ದಿಗಿಲಾದದ್ದು ಅವರಿಬ್ಬರನ್ನು ನೋಡಿ. ಇವರು ಬತ್ತಿಗೆ ಎಣ್ಣೆ ಬಿಡುತ್ತಲೇ ಇದ್ದರು, ಕೈ ಅಲುಗಲಿಲ್ಲ. ನಳಿನಿ ಬೀನ್ಸಿನಿಂದ ಕಣ್ಣೆತ್ತಲಿಲ್ಲ. ಬಟ್ಟಲು ಬಿದ್ದ ಸದ್ದಿಗೆ ತಿರುಗಿದರೇ ಹೊರತು ಗೋಡೆಯ ಮಾತಿಗೆ ಅಲ್ಲ. ಅವರಿಗೆ ಅದು ದಿನನಿತ್ಯದ್ದು.

“ಏನಿದು?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ನಳಿನಿ, ಏನಿದು? ನಾನು ಯಾವಾಗ ಹೇಳ್ದೆ ಇದನ್ನ?”

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಮತ್ತೆ ಶುರು ಮಾಡಬೇಡಮ್ಮ. ಇದು ಆರನೇ ಸಲ.”

“ಯಾವುದು ಆರನೇ ಸಲ?”

“ಹಿಂಗೆ ಏನೂ ಗೊತ್ತಿಲ್ದಿರೋ ಥರ ಕೇಳೋದು. ಅವರ ಮನೆಗೆ ಹೋಗಿ ಬಂದ ಮಾರನೇ ದಿನ ಊಟಕ್ಕೆ ಬಂದಾಗ ಹೇಳ್ದೆ. ನೀನು ನನ್ನ ತಬ್ಕೊಂಡು ಅತ್ತೆ, ಮಾತು ಕೊಟ್ಟೆ. ನಾನು ನಾಲ್ಕು ದಿನ ಕಾದೆ. ಮರ್ಯಾದೆ ಬಿಟ್ಟು ಇನ್ನೊಂದು ಸಲ ಹೇಳ್ದೆ. ಆವಾಗ್ಲೂ ನೀನು ಮೊದಲ್ನೇ ಸಲ ಕೇಳೋಳ ಥರ ಕೂತ್ಕೊಂಡೆ, ಬಾಯಿ ಮೇಲೆ ಕೈ ಇಟ್ಕೊಂಡೆ, ಅತ್ತೆ. ಮೂರನೇ ಸಲಾನೂ ಅಷ್ಟೇ. ಐದನೇ ಸಲಕ್ಕೆ ನನಗೆ ಭಯ ಆಯ್ತಮ್ಮ. ಇಷ್ಟು ಚೆನ್ನಾಗಿ ನಾಟಕ ಆಡೋಕೆ ಯಾವಾಗ ಕಲಿತೆ ಅನ್ನಿಸ್ತು. ಬುತ್ತಿ ತಗೊಂಡು ಹೋಗೋಕೆ ಶುರು ಮಾಡ್ದೆ.”

ಎರಡು ಗಂಟೆ. ಅವಳು ಊಟಕ್ಕೆ ಬರುತ್ತಿದ್ದದ್ದು ಎರಡು ಗಂಟೆಗೆ. ನಾನು ಗುಳಿಗೆ ನುಂಗುತ್ತಿದ್ದದ್ದು ಒಂದೂವರೆಗೆ. ಆ ಮಧ್ಯಾಹ್ನಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಅನ್ನ ಬಡಿಸಿದ್ದು ನೆನಪಿದೆ, ಸಂಜೆ ಕಸ ಗುಡಿಸಿದ್ದು ನೆನಪಿದೆ, ನಡುವೆ ಏನೂ ಇಲ್ಲ. ಮಗಳು ನನ್ನ ಎದೆಗೆ ಒರಗಿ ಐದು ಸಲ ಅತ್ತಿದ್ದಾಳೆ, ನನ್ನಲ್ಲಿ ಅದರ ಒಂದು ಹನಿಯೂ ಇಲ್ಲ. ಕುಂಕುಮದ ಮೇಲೇ ಕೂತೆ.

“ನೀವು?” ಎಂದು ಇವರ ಕಡೆ ತಿರುಗಿದೆ. “ನೀವೂ ಕೇಳಿಸ್ಕೊಂಡ್ರಾ?”

“ದಿನಾ,” ಎಂದರು ಇವರು. ಮುಖ ಬಿಳಿಚಿತ್ತು. “ಎರಡು ತಿಂಗಳಿಂದ ದಿನಾ ಕೇಳ್ತಿದ್ದೀನಿ. ನನ್ನ ಹತ್ರ ಮಾತಾಡ್ತೀನಿ ಅಂತ ಅದು ಹೇಳುತ್ತೆ. ಸರಿ, ನೀನು ಬಂದು ಮಾತಾಡ್ತೀಯ ಅಂತ ಕಾಯ್ತಿದ್ದೆ. ಊಟಕ್ಕೆ ಕೂತಾಗ ಕಾಯ್ತಿದ್ದೆ, ಹಾಸಿಗೆ ಹಾಸುವಾಗ ಕಾಯ್ತಿದ್ದೆ. ನೀನು ತಣ್ಣಗೆ ಮದುವೆ ಸೀರೆ ಲೆಕ್ಕ ಹೇಳ್ತಿದ್ದೆ. ತಾಯಿ ಮಗಳು ಏನೋ ಇತ್ಯರ್ಥ ಮಾಡ್ಕೊಂಡಿರಬೇಕು ಅನ್ಕೊಂಡೆ. ನಿನ್ನ ಮಾತನ್ನ ನಾನು ಬಾಯಿಬಿಟ್ಟು ಹೆಂಗೆ ಕೇಳ್ಲಿ ಓಂಕಾರಿ?”

ಒಂದೇ ಸೂರು, ಮೂರು ಜನ. ಆ ಮಾತು ಕೇಳದೆ ಇದ್ದವಳು ಅದನ್ನು ಕೊಟ್ಟವಳೊಬ್ಬಳೇ. ಇವರು ಮರ್ಯಾದೆಗೆ ಸುಮ್ಮನಿದ್ದರು, ಮಗಳು ನಾಚಿಕೆಗೆ ಸುಮ್ಮನಿದ್ದಳು, ನಾನು ಗುಳಿಗೆಯ ತಂಪಿನಲ್ಲಿ ಜಗಲಿಯ ಮೇಲೆ ನಗುತ್ತಿದ್ದೆ. ಇನ್ನು ಒಂಬತ್ತು ದಿನ ಕಳೆದಿದ್ದರೆ ನನ್ನ ಮಗಳನ್ನು ನಾನೇ ಆರತಿ ಎತ್ತಿ ಕಳಿಸುತ್ತಿದ್ದೆ. ಆ ಗೋಡೆ ನಾನು ಸಾಯುವ ತನಕ, ಸತ್ತ ಮೇಲೂ, ಅಳಬೇಡ ನನ್ನವ್ವ ಎನ್ನುತ್ತಲೇ ಇರುತ್ತಿತ್ತು.

“ಯಾಕೆ ಬೇಡ ಈ ಮದುವೆ?” ಎಂದು ಕೇಳಿದೆ. “ಆರನೇ ಸಲ ಅಂದ್ಕೊಂಡೇ ಹೇಳು. ನಿನ್ನ ಕಾಲಿಗೆ ಬೀಳ್ತೀನಿ.”

ಅವಳು ಬೀನ್ಸು ಪಕ್ಕಕ್ಕಿಟ್ಟಳು. “ಅವತ್ತು ಆ ಕೋಣೇಲಿ ನಾನು ಅವನ್ನ ಕೇಳಿದ್ದೆ, ಮದುವೆ ಆದ್ಮೇಲೂ ನಾನು ಗಾಜಿನ ಕೆಲಸಕ್ಕೆ ಹೋಗಬಹುದಾ ಅಂತ. ಖಂಡಿತ ಕಳಿಸ್ತೀನಿ, ಮಾತು ಕೊಡ್ತೀನಿ ಅಂದ. ಅದು ಮೂರು ಗಂಟೆಗೆ. ದೀಪ ಹಚ್ಚಿದ್ದು ಆರೂವರೆಗೆ. ಮದುವೆನೇ ಆಗಿಲ್ಲ, ಮಾತು ಇನ್ನೂ ನಡೆದಿಲ್ಲ, ಆ ಗೋಡೆ ಹೇಳಬೇಕಿತ್ತೋ ಇಲ್ವೋ? ಹೇಳಲಿಲ್ಲ. ನೀವೆಲ್ಲ ಸತ್ಯವಂತರು ಅಂತ ಕಣ್ಣೊರೆಸ್ಕೊಳ್ತಿದ್ರಿ. ನಾನು ಲೋಟ ಇಡೋ ನೆಪದಲ್ಲಿ ಗೋಡೆ ತಟ್ಟಿ ನೋಡ್ದೆ. ಟೊಳ್ಳು, ಅಮ್ಮ. ಮನೆ ತುಂಬ ಒಳಗಡೆ ಹಲಗೆ ಹೊಡೆಸಿದಾರೆ, ಮೇಲೆ ಸುಣ್ಣ. ಅದರ ಹಿಂದೆ ಎಷ್ಟು ಮಾತು ಹೂತಿಟ್ಟಿದಾರೋ ಯಾರಿಗೆ ಗೊತ್ತು?”

ಇವರು ದೀಪದ ಮುಂದಿನಿಂದ ಎದ್ದರು. ನಾನು ಎದ್ದದ್ದು ಅದಕ್ಕಿಂತ ಮುಂಚೆ. “ರೀ, ಕೇಳಿ. ನಳಿನಿಗೆ ಈ ಮದುವೆ ಬೇಡ. ನನಗೂ ಬೇಡ. ಇದು ನಾನು ನಿಮಗೆ ಹೇಳ್ತಿರೋದು, ಗೋಡೆ ಅಲ್ಲ. ಈಗಲೇ ಹೊರಡಿ ಮೇಲಿನ ಪೇಟೆಗೆ.”

“ಈಗಲೇನಾ? ಬೆಳಿಗ್ಗೆ ನಾಲ್ಕು ಜನಾನ ಕೇಳಿ...”

“ಬೆಳಿಗ್ಗೆ ಬೇಡ. ನಾಳೆ ಅಂತ ಐದು ಸಲ ಅಂದಿದ್ದೀನಿ. ಬೆಳಿಗ್ಗೆ ಹೊತ್ತಿಗೆ ನನ್ನ ತಲೇಲಿ ಇದು ಇರುತ್ತೆ ಅಂತ ಏನು ಗ್ಯಾರಂಟಿ?” ಎಂದೆ. ಅದನ್ನು ಆಡಿದ ಮೇಲೆ ನನಗೇ ಭಯವಾಯಿತು. ಆ ಭಯ ಸುಳ್ಳಿನದಲ್ಲ, ಹಾಗಲಕಾಯಿ ಪಲ್ಯದ ಭಯವಲ್ಲ. ಏಳು ತಿಂಗಳ ಮೇಲೆ ನನ್ನ ಅಂಗೈ ಬೆವರಿತ್ತು, ಬೆವರಿದ್ದಕ್ಕೆ ಒಂದು ಕಾರಣವಿತ್ತು.

ಜಗಲಿಯ ಮೇಲೆ ಹಾಲಮ್ಮ ಇನ್ನೂ ನಿಂತಿದ್ದಳು. ಕೇಳಿಸಿಯೇ ಇಲ್ಲ ಎನ್ನುವ ಮುಖ ಹಾಕುವುದಕ್ಕೆ ಬಹಳ ಕಷ್ಟಪಡುತ್ತಿದ್ದಳು. “ಕುಂಕುಮ ನಾಳೆ ತಗೋತೀನಿ ಬಿಡಕ್ಕ,” ಎಂದಳು. “ನಿನ್ನ ಇಡ್ಲಿ ಪಾತ್ರೆ ಒಳಗಿದೆಯಂತೆ, ಹುಡುಕಿ ತಗೊಂಡು ಹೋಗು,” ಎಂದು ಹೇಳಿ ಇವರ ಜೊತೆ ಬೀದಿಗಿಳಿದೆ.

ಮೇಲಿನ ಪೇಟೆಯಲ್ಲಿ ಲೋಕೇಶ್ವರನ ತಾಯಿ ಶಕುಂತಲಮ್ಮ ಕಾಫಿ ಬೆರೆಸುವುದಕ್ಕೆ ಎದ್ದವರು ಸುದ್ದಿ ಕೇಳಿ ಮತ್ತೆ ಕೂತರು. ಪತ್ರಿಕೆ ಹಂಚಿಯಾಗಿದೆ, ಛತ್ರ ಹಿಡಿದಾಗಿದೆ, ಏನು ಮಾತು ಇದು ಎಂದು ದನಿ ಎತ್ತರಿಸಿದರು. ಕೊನೆಗೆ ಎದೆ ಮುಟ್ಟಿಕೊಂಡು, “ನೋಡಿ ಬೀಗಿತ್ತಿ, ಈ ಮನೆ ಗೋಡೆ ಒಂದು ದಿನಾನಾದ್ರೂ ಸದ್ದು ಮಾಡಿದ್ದುಂಟಾ? ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ,” ಎಂದರು.

“ಇಲ್ಲಮ್ಮ, ಸದ್ದೇ ಮಾಡಿಲ್ಲ,” ಎಂದೆ. ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದೆ. ಖಾಲಿ ಪೆಟ್ಟಿಗೆ ಬಡಿದಂತೆ ಕೇಳಿತು. ಇವರು ಅದನ್ನು ಕೇಳಿ ಬೆಚ್ಚಿಬಿದ್ದರು. ಪಾಪ, ಗಂಡು ನೋಡಲು ಬಂದ ದಿನ ಆ ಗೋಡೆಗೆ ಇವರು ಕೈ ಮುಗಿದಿದ್ದರು. ನನಗೆ ಶಕುಂತಲಮ್ಮನ ಮೇಲೆ ಕಿರುಚಾಡಬೇಕೆಂದು ಬಾಯಿಯ ತನಕ ಬಂದಿತ್ತು, ಆಗಲಿಲ್ಲ. ಅವರು ಹಲಗೆ ಹೊಡೆಸಿದ್ದು ಗೋಡೆಗೆ. ನಾನು ತಲೆಯ ಒಳಗೇ ಹೊಡೆಸಿಕೊಂಡು ಓಡಾಡುತ್ತಿದ್ದೆ.

ಆ ರಾತ್ರಿ ಗುಳಿಗೆಯ ಕಥೆಯನ್ನೆಲ್ಲ ಮಗಳಿಗೆ ಹೇಳಿ, ಉಳಿದದ್ದನ್ನು ಬಚ್ಚಲಿಗೆ ಎಸೆಯಲು ಹೊರಟೆ. ನಳಿನಿ ಕೈ ಹಿಡಿದು ತಡೆದಳು. ಬೆಳಿಗ್ಗೆ ಅವಳೇ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. “ಏಳು ತಿಂಗಳಾ?” ಎಂದು ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಾನು ಅಷ್ಟು ಗಾಬರಿಯಾದ ಡಾಕ್ಟರನ್ನು ನೋಡಿಲ್ಲ. ಮೃತ್ಯುಂಜಯನಿಗೆ ಫೋನು ಮಾಡಿ ಅವನ ಜನ್ಮ ಜಾಲಾಡಿದರು. ಆಮೇಲೆ ನನ್ನ ಕಡೆ ತಿರುಗಿ, “ಒಂದೇ ಸಲಕ್ಕೆ ಬಿಟ್ಟುಬಿಟ್ಟೀರಿ ಜೋಕೆ. ಕೈಕಾಲು ನಡುಗಿ ಫಿಟ್ಸ್ ಬಂದ್ರೂ ಬರಬಹುದು. ಸ್ವಲ್ಪ ಸ್ವಲ್ಪ ಇಳಿಸಬೇಕು, ನಾನು ಹೇಳಿದ ಹಾಗೆ,” ಎಂದರು. ಯಾವ ವಾರ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದರು. ಅದನ್ನು ನನ್ನ ಕೈಗೆ ಕೊಡಲಿಲ್ಲ, ನಳಿನಿಯ ಕೈಗೆ ಕೊಟ್ಟರು. “ನಾನು ಅವತ್ತೇ ಹೇಳಿದ್ದೆ,” ಎಂದರು. ಹೌದು, ಹೇಳಿದ್ದರು. ಅದೊಂದು ನನಗೆ ಚೆನ್ನಾಗಿ ನೆನಪಿತ್ತು.

ಆ ಸಂಜೆ ನಾನು ಒಳಗೆ ಕೂತೆ. ಎಡಕ್ಕೆ ಇವರು, ಬಲಕ್ಕೆ ನಳಿನಿ. ಗುಂಡಿಯ ಮಾತು, ಹಸಿರು ಸೀರೆಯ ಮಾತು, ಅಕ್ಕನ ಕಾಗದದ ಮಾತು, ಎಲ್ಲ ಒಂದೊಂದಾಗಿ ಬಂದವು. ಇಡ್ಲಿ ಪಾತ್ರೆಯದು ಬರಲಿಲ್ಲ, ಹಾಲಮ್ಮ ಒಯ್ದಿದ್ದಳು. ಅಳಬೇಡ ನನ್ನವ್ವ ಎನ್ನುವುದು ಬರಲಿಲ್ಲ. ನಾನು ಉಸಿರು ಬಿಟ್ಟೆ. ಆಗ ಐದು ದನಿಗಳ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು, ನನ್ನದೇ, ಮೆಲ್ಲಗೆ ಕೇಳಿತು: “ಆಯ್ತು ಕಣೆ, ಈ ಗುಳಿಗೆ ಬಿಡ್ತೀನಿ. ನೀನು ಹೇಳಿದ್ಮೇಲೆ ಬಿಡದೆ ಇರ್ತೀನಾ?”

ನಳಿನಿಯ ಕಡೆ ನೋಡಿದೆ. “ಅದು ಮೂರನೇ ತಿಂಗಳಲ್ಲಿ,” ಎಂದಳು ಅವಳು. “ನೀನು ಒಂದೇ ಕಥೆ ಎರಡೆರಡು ಸಲ ಹೇಳ್ತಿದ್ದೆ. ಅದಕ್ಕೆ ಕೇಳಿದ್ದೆ.” ಅವಳು ಇದನ್ನೂ ಕಂಡಿದ್ದಳು, ಅದಕ್ಕೂ ನಾನು ನಕ್ಕು ಮಾತು ಕೊಟ್ಟು, ಒಂದು ಗಂಟೆಯಲ್ಲಿ ತೊಳೆದುಕೊಂಡಿದ್ದೆ. ಆ ಹೊತ್ತಿನಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಗುಳಿಗೆ ಇಳಿಸುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಂದು ಇದ್ದದ್ದು ಮುಕ್ಕಾಲಾಯಿತು, ಅರ್ಧವಾಯಿತು, ಕಾಲಾಯಿತು. ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಹಳೆಯ ಎದೆಬಡಿತ ನೆಂಟರನ್ನೆಲ್ಲ ಕರೆದುಕೊಂಡು ವಾಪಸ್ಸು ಬಂತು. ಡಾಕ್ಟರಮ್ಮ ಉಸಿರಾಟದ ಅಭ್ಯಾಸ ಹೇಳಿಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ದಿನಾ ಸಂಜೆ ಒಳಗೆ ಕೂತು ಗೋಡೆಯ ಮಾತು ಕೇಳಿ, ಬೆಳಿಗ್ಗೆ ಎದ್ದು ಒಂದೊಂದು ತೀರಿಸಿದೆ. ಅಂಗಿಗೆ ಗುಂಡಿ ಹಾಕಿದೆ. ರತ್ನಮ್ಮನಿಗೆ ಹಸಿರು ಸೀರೆ ಕೊಟ್ಟಾಗ ಅವಳು ಅದರ ಆಸೆಯನ್ನೇ ಬಿಟ್ಟಿದ್ದಳು. ಅಕ್ಕನಿಗೆ ಆರು ಪುಟ ಕಾಗದ ಬರೆದೆ. ನಳಿನಿ ಮಾತ್ರ ಬುತ್ತಿ ಒಯ್ಯುತ್ತಲೇ ಇದ್ದಳು. ನನ್ನ ಜೊತೆ ಚೆನ್ನಾಗಿಯೇ ಇದ್ದಳು, ಸಾರಿಗೆ ಉಪ್ಪು ಹೆಚ್ಚಾದರೆ ಹೇಳುತ್ತಿದ್ದಳು, ಸೀರೆ ಚೆನ್ನಾಗಿದೆ ಎನ್ನುತ್ತಿದ್ದಳು. ಅದಕ್ಕಿಂತ ಒಳಗಿನದು ಯಾವುದನ್ನೂ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಹಾಳೆಯ ಕೊನೆಯ ಸಾಲಿಗೂ ಗೆರೆ ಬಿದ್ದು ವಾರ ಕಳೆದಿತ್ತು. ದೀಪ ಹಚ್ಚಿದೆವು. ಬತ್ತಿ ಸಿಡಿದ ಸದ್ದು ಬಿಟ್ಟರೆ ಏನೂ ಇಲ್ಲ. ಗುಳಿಗೆಯ ಮಾತೂ ಇಲ್ಲ. ಇವರು ಬಹಳ ಹೊತ್ತು ಕಾದು, ನಕ್ಕು, ಕಾಫಿ ಕುಡಿದು ಅಂಗಡಿಗೆ ಹೋದರು. ನನಗೆ ನಗು ಬರಲಿಲ್ಲ. ಅಷ್ಟು ನಿಶ್ಶಬ್ದ ನನಗೆ ಒಗ್ಗಲಿಲ್ಲ. ಎದ್ದು ಹೋಗಿ ಅಡಿಗೆಮನೆಯ ಗೋಡೆಯನ್ನು ಗೆಣ್ಣಿನಿಂದ ತಟ್ಟಿದೆ. ಮೇಲೆ ತಟ್ಟಿದೆ, ಕೆಳಗೆ ತಟ್ಟಿದೆ, ಮೂಲೆಯಲ್ಲಿ ತಟ್ಟಿದೆ.

“ಗೋಡೇನೇ ಅಮ್ಮ,” ಎಂದಳು ನಳಿನಿ ಬಾಗಿಲಿನಿಂದ. “ಇಟ್ಟಿಗೆ, ಮಣ್ಣು. ಹಲಗೆ ಇಲ್ಲ.”

“ಹಂಗಾದ್ರೆ ನಿನಗೆ ಕೊಟ್ಟ ಮಾತು ಒಂದೂ ಬಾಕಿ ಇಲ್ವಾ? ನಿಜ ಹೇಳು. ಈ ನಾಲ್ಕು ತಿಂಗಳಲ್ಲಿ, ಗುಳಿಗೆ ನುಂಗಿದ ಹೊತ್ತಲ್ಲಿ, ನಾನು ನಿನಗೆ ಏನೂ ಮಾತು ಕೊಟ್ಟಿಲ್ವಾ?”

“ಕೊಟ್ಟಿಲ್ಲ,” ಎಂದಳು. “ನಾನೇ ಏನೂ ಕೇಳಲಿಲ್ಲ. ಕೇಳೋದನ್ನ ಬಿಟ್ಟುಬಿಟ್ಟಿದ್ದೆ.”

ಗೆಣ್ಣು ಇನ್ನೂ ಗೋಡೆಯ ಮೇಲೇ ಇತ್ತು. ಐದು ಸಲ ನನ್ನದೇ ದನಿ ಕೇಳಿದಾಗಲೂ ನನಗೆ ಅಷ್ಟು ಬಲವಾದ ಪೆಟ್ಟು ಬಿದ್ದಿರಲಿಲ್ಲ. ಅವಳ ಹತ್ತಿರ ಹೋಗಿ, ಬಾಗಿಲ ಬಳಿ, ಅವಳು ಬೀನ್ಸು ಬಿಡಿಸಲು ಕೂರುವ ಜಾಗದಲ್ಲಿ ಕೂತೆ. “ಈಗ ಕೇ‍ಳು,” ಎಂದೆ. “ಏನಾದ್ರೂ ಕೇಳು.”

ನಳಿನಿ ನನ್ನ ಕಣ್ಣನ್ನೇ ನೋಡಿದಳು, ಗಾಜಿನಲ್ಲಿ ಗೀರು ಇದೆಯೇ ಎಂದು ನೋಡುವವಳ ಹಾಗೆ. ಆಮೇಲೆ ಹೇಳಿದಳು.

“ನಾಳೆ ಬುತ್ತಿ ಕಟ್ಟಬೇಡ. ಎರಡು ಗಂಟೆಗೆ ಊಟಕ್ಕೆ ಮನೆಗೇ ಬರ್ತೀನಿ. ಆವಾಗ ಕೇಳ್ತೀನಿ.”